ಮಗಳ ಕಿವಿ ಕಟ್ಟಿದ್ದ ಏಳು ತಿಂಗಳು

ಕೇಳಿಸಿಕೊಳ್ಳುವುದು ಹೇಗೆಂದು ಜನರಿಗೆ ಕಲಿಸುವುದೇ ನನ್ನ ಉದ್ಯೋಗ. ಮುಂಬೈಯ ಮಲಾಡ್‌ನ ಒಂದು ಕಾಲ್ ಸೆಂಟರಿನಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುತ್ತೇನೆ. ಗ್ರಾಹಕ ಹೇಳಿದ್ದನ್ನಷ್ಟೇ ಅಲ್ಲ, ಹೇಳದೆ ಬಿಟ್ಟದ್ದನ್ನೂ ಕೇಳಿಸಿಕೊಳ್ಳಬೇಕು ಎಂದು ಪರದೆಯ ಮೇಲೆ ದೊಡ್ಡದೊಂದು ಕಿವಿಯ ಚಿತ್ರ ಹಾಕಿ ದಿನಕ್ಕೆ ಎರಡು ಬ್ಯಾಚಿಗೆ ಭಾಷಣ ಬಿಗಿಯುತ್ತೇನೆ. ಒಂದು ವರ್ಷ ಈ ಕೆಲಸಕ್ಕಾಗಿ ನನಗೆ ಗಾಜಿನ ಫಲಕವನ್ನೂ ಕೊಟ್ಟರು. ಅದೇ ವರ್ಷ ನನ್ನ ನಾಲ್ಕೂವರೆ ವರ್ಷದ ಮಗಳಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದು ನನಗೆ ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ತಿಳಿಸಿದ್ದೂ ಬೇರೆಯವರು.

ನಮ್ಮದು ಮಲಾಡ್ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷದ ದೂರದಲ್ಲಿರುವ ಒಂದು ಹೌಸಿಂಗ್ ಸೊಸೈಟಿ. ಗಂಡ ಫೋರ್ಟ್‌ನಲ್ಲಿ ಉಡುಪಿ ಹೋಟೆಲೊಂದರ ಮ್ಯಾನೇಜರ್. ಬೆಳಿಗ್ಗೆ ಲೋಕಲ್ ಹತ್ತಿದರೆ ಸಂಜೆಯವರೆಗೆ ಇಡ್ಲಿ, ದೋಸೆ, ವಕೀಲರು, ಬ್ಯಾಂಕಿನವರು. ಫೋರ್ಟಿನ ಕಚೇರಿಗಳು ಬಾಗಿಲು ಹಾಕುವ ಭಾನುವಾರ ಮಾತ್ರ ಮನೆಯಲ್ಲಿರುತ್ತಾರೆ. ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಉಡುಪಿಯಿಂದ ಬಂದ ಅತ್ತೆ ಅವಳನ್ನು ಬಿಟ್ಟು ಹೋಗಲಾರದೆ ಇಲ್ಲೇ ಉಳಿದರು. ಅತ್ತೆಗೆ ಸ್ವಲ್ಪ ಕಿವಿ ಮಂದ. ಹಾಗಾಗಿ ಅವರು ಮಾತಾಡಿದರೆ ಲಿಫ್ಟಿಗೆ ಕಾಯುವವರಿಗೂ ಕೇಳಿಸುತ್ತಿತ್ತು. ಅವರೊಂದಿಗೆ ಕನ್ನಡ, ಅವರಿಗೆ ಸಿಟ್ಟು ಬಂದಾಗ ತುಳು, ಕೆಳಗೆ ಮಕ್ಕಳ ಜೊತೆ ಹಿಂದಿ, ವಾಚ್‌ಮನ್ ಜೊತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಗಳು ಇದೆಲ್ಲದರಲ್ಲೂ ಜಗಳ ಆಡುವಷ್ಟು ಕಲಿತಿದ್ದಳು.

ಆ ವರ್ಷ ಜುಲೈಯ ಒಂದು ಭಾನುವಾರ ಮಧ್ಯಾಹ್ನ ಮಲಗಿದ್ದವಳು ಕಿವಿ ಹಿಡಿದುಕೊಂಡು ಚೀರುತ್ತ ಎದ್ದಳು. ಮೊದಲೇ ವಾರದಿಂದ ನೆಗಡಿ. ಈಗ ಜ್ವರವೂ ಬಂತು. ಪಕ್ಕದ ಗಲ್ಲಿಯ ಮಕ್ಕಳ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಸೋಂಕು ಎಂದು ಔಷಧ ಬರೆದುಕೊಟ್ಟರು. ಎರಡು ದಿನದಲ್ಲಿ ನೋವು ಹೋಯಿತು, ಜ್ವರ ಇಳಿಯಿತು. ಚೀಟಿಯ ಕೊನೆಯಲ್ಲಿ, ಹದಿನೈದು ದಿನ ಬಿಟ್ಟು ಮತ್ತೆ ಕಿವಿ ತೋರಿಸಿ ಎಂದು ಬರೆದಿತ್ತು. ಅದೇ ಚೀಟಿಯ ಹಿಂಬದಿಯಲ್ಲಿ ನಾನು ಕೊತ್ತಂಬರಿ ಸೊಪ್ಪು, ಶುಂಠಿ, ನೀರುಳ್ಳಿ ಎಂದು ಬರೆದುಕೊಂಡು ಮಾರ್ಕೆಟ್ಟಿಗೆ ಹೋದೆ. ನೋವು ಹೋಯಿತೆಂದರೆ ಕಾಯಿಲೆಯೂ ಹೋಯಿತು ಎಂಬುದು ನಮ್ಮ ಮನೆಯ ವೈದ್ಯಶಾಸ್ತ್ರ.

ಆಗಸ್ಟಿನಿಂದ ಮಗಳು ಬದಲಾದಳು. ಏನು ಹೇಳಿದರೂ "ಹಾಂ?" ಅನ್ನುವಳು. ಹೆಸರು ಹಿಡಿದು ಕರೆದರೆ ಹಂದಾಡುತ್ತಿರಲಿಲ್ಲ. ಟಿವಿಗೆ ಮೂಗು ತಾಗಿಸಿ ಕೂತು ವಾಲ್ಯೂಮ್ ಏರಿಸುವಳು. ಮಾತಾಡುವಾಗ ಎದುರಿಗಿದ್ದವರ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ತನ್ನತ್ತ ತಿರುಗಿಸಿಕೊಳ್ಳುವಳು. ಇಷ್ಟೆಲ್ಲ ನೋಡಿ ಯಾರಿಗಾದರೂ ಕಿವಿಯ ನೆನಪಾಗಬೇಕಿತ್ತು. ನಮಗೆ ಕಿವಿಯೊಂದನ್ನು ಬಿಟ್ಟು ಮಿಕ್ಕೆಲ್ಲ ನೆನಪಾಯಿತು.

"ಅದು ಅಪ್ಪನ ಹಾಗೆ. ಅವನೂ ಸಣ್ಣದಿರುವಾಗ ಹೀಗೇ, ಕರೆದರೆ ತಿರುಗಿ ನೋಡ್ತಿರ್ಲಿಲ್ಲ," ಎಂದರು ಅತ್ತೆ.

"ನೀವು ಮುದ್ದು ಮಾಡಿ ಮಾಡಿ ಹೀಗಾದದ್ದು," ಎಂದರು ಅವರ ಮಗ.

ಮೇಲಿನ ಮನೆಯಾಕೆಗೆ ಮಕ್ಕಳ ವಿಷಯದಲ್ಲಿ ಗೊತ್ತಿಲ್ಲದ್ದೇ ಇರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಎಲ್ಲ ಮೊಬೈಲಿನ ದೋಷ ಎಂದರು. ಹಾಗೆನ್ನುವಾಗಲೂ ಅವರ ಕಣ್ಣು ತಮ್ಮ ಮೊಬೈಲಿನಲ್ಲಿತ್ತು. ಸೊಸೈಟಿಯ ಸೆಕ್ರೆಟರಿ, ಇಂದಿನ ಮಕ್ಕಳಿಗೆ ಭಯವೇ ಇಲ್ಲ ಎಂದು ಮೂರು ಮಹಡಿ ಇಳಿಯುವುದರೊಳಗೆ ವಿವರಿಸಿದರು. ನಾನು ಎಲ್ಲರಿಗೂ ತಲೆ ಆಡಿಸಿದೆ. ಎದುರಿಗಿದ್ದವರ ಮಾತಿಗೆ ತಲೆ ಆಡಿಸಬೇಕೆಂದು ನನ್ನ ತರಬೇತಿಯಲ್ಲೇ ಇದೆ.

ಸೆಪ್ಟೆಂಬರಿನ ಒಂದು ಸಂಜೆ ಮಗಳು ಹಾಲ್‌ನ ಗೋಡೆಯ ಮೇಲೆ ಬಣ್ಣದ ಕಡ್ಡಿಯಿಂದ ಆನೆ ಬರೆಯುತ್ತಿದ್ದಳು. ನಾನು ಅಡುಗೆಮನೆಯಿಂದ ಐದು ಸಲ ಬೇಡವೆಂದೆ. ಆರನೆಯ ಸಲಕ್ಕೆ ಬಂದು ಬಣ್ಣದ ಡಬ್ಬಿ ಕಿತ್ತುಕೊಂಡು, ಅವಳನ್ನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಹೊಡೆಯುವುದು ತಪ್ಪು, ಮೂಲೆಯಲ್ಲಿ ನಿಲ್ಲಿಸಿ ಯೋಚಿಸಲು ಬಿಡಬೇಕು ಎಂದು ಎಲ್ಲೋ ಓದಿದ್ದೆ. ಐದು ನಿಮಿಷ ಕಳೆದ ಮೇಲೆ ಒಲೆಯ ಹತ್ತಿರದಿಂದಲೇ "ಸಾಕು, ಬಾ ಇನ್ನು" ಎಂದು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಮುಖ ತಿರುಗಿಸಲೂ ಇಲ್ಲ. ಅಷ್ಟು ಸೊಕ್ಕಿದ್ದರೆ ನಿಂತಿರಲಿ ಎಂದು ನಾನೂ ಸಾರಿಗೆ ಒಗ್ಗರಣೆ ಹಾಕಲು ಹೋದೆ. ಅರ್ಧ ಗಂಟೆ ನಿಂತಿದ್ದಳು. ಅತ್ತೆ ದೇವಸ್ಥಾನದಿಂದ ಬಂದವರು ನೋಡಿ, ಎತ್ತಿಕೊಂಡು ಹೋದರು. ಅಂದು ನಾನು ಗಂಡನಿಗೆ ಫೋನ್ ಮಾಡಿ, ಇವಳ ಹಟ ಮುರಿಯದಿದ್ದರೆ ಮುಂದೆ ಕಷ್ಟವಿದೆ ಎಂದೆ.

ಅದೇ ವಾರ ಶಾಲೆಯಿಂದ ಕರೆ ಬಂತು. ಶಾಲೆಯ ಕೌನ್ಸೆಲರ್ ಸಣ್ಣ ವಯಸ್ಸಿನವರು. ಕೋಣೆಯ ಗೋಡೆಯಲ್ಲಿ ಮೂರು ಸರ್ಟಿಫಿಕೇಟುಗಳು ತೂಗುತ್ತಿದ್ದವು. ಮಗಳನ್ನು ತಾವು ಖುದ್ದಾಗಿ ಪರೀಕ್ಷಿಸಿದ್ದಾಗಿ ಹೇಳಿದರು. ಕೋಣೆಯಲ್ಲಿ ಎದುರು ಕೂರಿಸಿ ಚಿತ್ರ ತೋರಿಸಿ ಕೇಳಿದರೆ ಎಲ್ಲಕ್ಕೂ ಸರಿಯುತ್ತರ. ಮೂವತ್ತು ಮಕ್ಕಳ ಗಲಾಟೆಯಲ್ಲಿ ಟೀಚರು ಹಿಂದಿನಿಂದ ಹೇಳಿದ್ದು ಮಾತ್ರ ತಲೆಗೆ ಹೋಗುವುದಿಲ್ಲ.

"ಅಂದರೆ ಏನು ತಿಳಿಯುತ್ತದೆ?" ಎಂದು ಕೇಳಿದರು.

ಉತ್ತರವನ್ನೂ ಅವರೇ ಕೊಟ್ಟರು.

"ಬುದ್ಧಿ ಚುರುಕಾಗಿದೆ, ಗಮನ ಇಲ್ಲ. ಮನೆಯಲ್ಲಿ ಎಷ್ಟು ಭಾಷೆ ಆಡುತ್ತೀರಿ?"

ನಾನು ಬೆರಳು ಮಡಚಿ ಎಣಿಸುತ್ತ ನಾಲ್ಕಕ್ಕೆ ಬಂದಾಗ ಅವರು ಕೈ ಎತ್ತಿ ತಡೆದರು. ಮಗುವಿನ ತಲೆಯೊಳಗೆ ಭಾಷೆಗಳ ಟ್ರಾಫಿಕ್ ಜಾಮ್ ಆಗಿದೆಯಂತೆ. ಇನ್ನು ಮೇಲೆ ಮನೆಯಲ್ಲಿ ಒಂದೇ ಭಾಷೆ, ಇಂಗ್ಲಿಷ್. ಅಜ್ಜಿ ಕೂಡ ಅಷ್ಟೆ. ಒಂದು ಫೈಲ್ ಕೊಟ್ಟರು. ಅದರೊಳಗೆ ಫ್ರಿಜ್ಜಿಗೆ ಅಂಟಿಸಲು ಒಂದು ಚಾರ್ಟ್ ಇತ್ತು. ಪೂರ್ತಿ ಇಂಗ್ಲಿಷ್ ಆಡಿದ ದಿನ ನಕ್ಷತ್ರ ಅಂಟಿಸಬೇಕು.

ಆವತ್ತಿನಿಂದ ನಮ್ಮ ಮನೆ ಇಂಗ್ಲಿಷ್ ಕ್ಲಾಸಾಯಿತು. ನನಗೆ ಆಫೀಸಿನ ಇಂಗ್ಲಿಷ್ ಬರುತ್ತದೆ. ಹಾಗಾಗಿ ಮಗಳಿಗೆ ಊಟ ಕೊಡುವಾಗಲೂ, ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂಬ ಧಾಟಿಯಲ್ಲೇ ಮಾತು ಬರುತ್ತಿತ್ತು. ಗಂಡನ ಇಂಗ್ಲಿಷ್ ಪೂರ್ತಿ ಹೋಟೆಲಿನದು. ಭಾನುವಾರ ಅವರು ಮಗಳಿಗೆ "ವಾಟ್ ಯು ವಿಲ್ ಟೇಕ್?" ಎಂದು ಕೇಳುತ್ತಿದ್ದರು. ಅತ್ತೆಗೆ ನಾನು ಹತ್ತು ಶಬ್ದ ಕಲಿಸಿದೆ. ಕಮ್, ಸಿಟ್, ಈಟ್, ಸ್ಲೀಪ್, ನೋ. ಉಳಿದ ಐದು ಅವರ ನಾಲಗೆಗೆ ಬರಲಿಲ್ಲ. ಪಾಪ, ಮೊಮ್ಮಗಳ ತಲೆ ತಮ್ಮಿಂದ ಕೆಡಬಾರದೆಂದು ನಿಷ್ಠೆಯಿಂದ ಆ ಐದೇ ಶಬ್ದಗಳಲ್ಲಿ ದಿನ ದೂಡಿದರು. "ಕಮ್ ಮಗಾ. ಸಿಟ್ ಮಗಾ. ಈಟ್." ನಾಯಿಮರಿಗೂ ಜನ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಮಗಳು ಅವರ ತೊಡೆಯೇರಿ ಗಲ್ಲ ಹಿಡಿದು ತನ್ನತ್ತ ತಿರುಗಿಸಿ ಕಾಯುವಳು. ಅತ್ತೆ ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡು, ಅವಳ ತಲೆ ನೇವರಿಸುವರು. ಫ್ರಿಜ್ಜಿನ ಮೇಲೆ ನಕ್ಷತ್ರಗಳು ತುಂಬಿದವು. ಮಗಳು ದಿನೇ ದಿನೇ ಮಂಕಾದಳು. ಮೊದಲು ಅಜ್ಜಿ ಹೇಳಿದ್ದಾದರೂ ಕೇಳುತ್ತಿದ್ದಳು, ಈಗ ಅದೂ ಇಲ್ಲ ಎಂದು ನಾನು ಕೌನ್ಸೆಲರಿಗೆ ವರದಿ ಕೊಟ್ಟೆ. ಬದಲಾವಣೆಯ ಮೊದಲ ಹಂತದಲ್ಲಿ ಹೀಗಾಗುವುದು ಒಳ್ಳೆಯ ಲಕ್ಷಣ ಎಂದು ಅವರು ಉತ್ತರಿಸಿದರು.

ನವೆಂಬರಿನ ಒಂದು ಶನಿವಾರ ನಮ್ಮ ಮನೆಗೆಲಸದಾಕೆಗೆ ಮಗಳ ಮೇಲೆ ರೇಗಿತು. ಆಕೆ ವಿಜಯಪುರ ಕಡೆಯವರು. ಗಂಡ ಗೌಂಡಿ ಕೆಲಸ ಮಾಡುತ್ತಾನೆ, ಇವರು ನಮ್ಮ ಬಿಲ್ಡಿಂಗಿನ ಆರು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಾರೆ. ಇಂಗ್ಲಿಷ್ ನಿಯಮ ಇವರಿಗೆ ಅನ್ವಯಿಸಿರಲಿಲ್ಲ, ಏಕೆಂದರೆ ಇವರು ಮಾತಾಡುತ್ತಾರೆ ಎಂಬುದನ್ನೇ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒದ್ದೆ ನೆಲದ ನಡುವೆ ಕೂತ ಮಗಳು ಮೂರು ಸಲ ಹೇಳಿದರೂ ಏಳಲಿಲ್ಲವಂತೆ. ಒರೆಸುವ ಬಟ್ಟೆ ಬಕೆಟ್ಟಿಗೆ ಎಸೆದು ನನ್ನ ಬಳಿ ಬಂದರು.

"ಅಕ್ಕಾರ, ಒಂದ್ ಮಾತ್ ಹೇಳ್ತೇನ್ರಿ, ಸಿಟ್ಟಿಗೇಳಬ್ಯಾಡ್ರಿ. ಈ ಕೂಸಿಗೆ ಕಿವಿ ಕೇಳಸಂಗಿಲ್ಲ."

"ಹಾಗೇನಿಲ್ಲ, ಹಟ ಅಷ್ಟೆ. ಶಾಲೆಯಲ್ಲೇ ಟೆಸ್ಟ್ ಮಾಡಿದ್ದಾರೆ."

"ಎಂಥಾ ಟೆಸ್ಟೋ ಏನೋ. ಮುಂದ ನಿಂತು ಕರದ್ರ ನಗತೈತಿ, ಹಿಂದ ನಿಂತು ಕರದ್ರ ಹೊಳ್ಳಿ ನೋಡಂಗಿಲ್ಲ. ಹಟಾ ಮಾಡೋ ಕೂಸು ಹಿಂದ ನಿಂತ್ರೂ ಮುಂದ ನಿಂತ್ರೂ ಹಟಾ ಮಾಡತೈತ್ರಿ. ಬೇಕಾದ್ರ ಒಂದ್ ಚಾಕ್ಲೇಟಿನ ಕಾಗದ ಸಪ್ಪಳಾ ಮಾಡಿ ನೋಡ್ರಿ. ಅದಕ್ಕ ಯಾ ಕೂಸು ಸುಮ್ನ ಕುಂಡರತೈತಿ?"

ನಗು ಬಂತು. ಆದರೂ ಫ್ರಿಜ್ಜಿನಿಂದ ಒಂದು ಚಾಕ್ಲೇಟ್ ತೆಗೆದುಕೊಂಡು ಮಗಳ ಬೆನ್ನ ಹಿಂದೆ ನಿಂತೆ. ಕಾಗದ ಮೆಲ್ಲಗೆ ಬಿಚ್ಚಿದೆ. ನಂತರ ಜೋರಾಗಿ ಮುದುಡಿದೆ. ಒಂದೂವರೆ ಅಡಿ ದೂರದಲ್ಲಿ ಅವಳು ತನ್ನ ಪಾಡಿಗೆ ಗೊಂಬೆಯ ತಲೆ ಬಾಚುತ್ತಿದ್ದಳು. ಅಷ್ಟರಲ್ಲಿ ಒಳಕೋಣೆಯಲ್ಲಿ ಮಲಗಿದ್ದ ಗಂಡ ಎದ್ದು ಬಂದು ಏನು ತಿನ್ನುತ್ತಿದ್ದೀ ಎಂದು ಕೇಳಿದರು. ನೆಗಡಿಯೆಂದು ಅಂದು ರಜೆ ಹಾಕಿದ್ದರು.

ಮರುವಾರವೇ ಅಂಧೇರಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರರ ಬಳಿಗೆ ಹೋದೆವು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನಾನು ಕೌನ್ಸೆಲರ್ ಕೊಟ್ಟ ದಪ್ಪ ಫೈಲನ್ನು ಮುಂದಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು.

"ಇದರಲ್ಲಿ ಎಲ್ಲ ಇದೆ. ಕಿವಿ ಪರೀಕ್ಷೆ ಎಲ್ಲಿದೆ?" ಎಂದು ಹಿಂದಿಯಲ್ಲಿ ಕೇಳಿದರು.

ಇಲ್ಲ ಎಂದೆ. ಫೈಲ್ ಮುಚ್ಚಿ ನನ್ನ ಕಡೆ ಸರಿಸಿ, ಮಗಳನ್ನು ಪಕ್ಕದ ಸದ್ದಿಲ್ಲದ ಕೋಣೆಗೆ ಕಳುಹಿಸಿದರು. ಹೆಡ್‌ಫೋನ್ ಹಾಕಲು ಅವಳು ಒಪ್ಪಲಿಲ್ಲ. ಸ್ಪೀಕರಿನಿಂದ ಸದ್ದು ಬಿಡುವುದೆಂದಾಯಿತು. ಪರೀಕ್ಷೆ ಮಾಡುವ ಹುಡುಗಿ ಅವಳ ಕೈಗೊಂದು ಪ್ಲಾಸ್ಟಿಕ್ ಬಳೆ ಕೊಟ್ಟು, ಸದ್ದು ಕೇಳಿದ ತಕ್ಷಣ ಅದನ್ನು ಮುಂದಿಟ್ಟ ಪುಟ್ಟ ಕಂಬಕ್ಕೆ ಹಾಕಬೇಕು ಎಂದು ಆಟ ಕಲಿಸಿದಳು. ನನ್ನನ್ನು ಹಿಂದೆ ಕುರ್ಚಿಯಲ್ಲಿ ಕೂರಿಸಿ, ಮಾತಾಡಬಾರದು, ಅಲುಗಾಡಬಾರದು ಎಂದಳು.

ಸದ್ದು ಬಂತು. ಸಣ್ಣ ಪೀಪಿಯ ಹಾಗೆ. ನನಗೆ ಸ್ಪಷ್ಟವಾಗಿ ಕೇಳಿಸಿತು. ಮಗಳು ಬಳೆಯನ್ನು ಕೆನ್ನೆಗೊತ್ತಿಕೊಂಡು, ಉಸಿರು ಬಿಗಿಹಿಡಿದು, ಕಾಯುತ್ತಿದ್ದಳು. ಇನ್ನೊಂದು ಬಂತು. ಅವಳು ಕಾಯುತ್ತಲೇ ಇದ್ದಳು. ಇದಕ್ಕಿಂತ ಹೆಚ್ಚು ಗಮನ ಕೊಟ್ಟು ಕೂತ ಮನುಷ್ಯರನ್ನು ನನ್ನ ಇಷ್ಟು ವರ್ಷದ ತರಬೇತಿಯಲ್ಲಿ ನಾನು ಕಂಡಿಲ್ಲ. ಸದ್ದು ದೊಡ್ಡದಾಗುತ್ತ ಹೋಗಿ, ಒಂದು ಹಂತದಲ್ಲಿ ಅವಳ ಮುಖ ಅರಳಿ, ಬಳೆ ಕಂಬಕ್ಕೆ ಬಿತ್ತು. ಗೆದ್ದೆನೆಂದು ಹಿಂದೆ ತಿರುಗಿ ನನ್ನನ್ನು ನೋಡಿ ನಕ್ಕಳು. ನನಗೆ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದ ಆ ಅರ್ಧ ಗಂಟೆ ನೆನಪಾಯಿತು. ಸಾಕು ಬಾ ಎಂದು ನಾನು ಕರೆದದ್ದು ಅವಳಿಗೆ ಕೇಳಿಸಿರಲೇ ಇಲ್ಲ. ಅಮ್ಮ ನಿಲ್ಲಿಸಿದ್ದಾಳೆ, ನಿಂತಿರಬೇಕು ಎಂದು ನಿಂತಿದ್ದಳು, ಅಷ್ಟೆ.

ಆಮೇಲೆ ಕಿವಿಗೆ ಮೆತ್ತನೆಯ ಬಿರಡೆಯಿಟ್ಟು ಯಂತ್ರದಿಂದ ಇನ್ನೊಂದು ಪರೀಕ್ಷೆ ಮಾಡಿದರು. ಕಾಗದದ ಮೇಲೆ ಗುಡ್ಡದ ಹಾಗೆ ಏಳಬೇಕಿದ್ದ ಗೆರೆ, ಎರಡೂ ಕಿವಿಗೆ ಹೆದ್ದಾರಿಯ ಹಾಗೆ ಮಟ್ಟಸವಾಗಿ ಬಂತು. ಡಾಕ್ಟರು ಅರ್ಥವಾಗುವಂತೆ ಹೇಳಿದರು: ಕಿವಿ ತಮಟೆಯ ಹಿಂದೆ ಗಾಳಿ ಇರಬೇಕಾದ ಪುಟ್ಟ ಜಾಗವಿದೆ. ಜುಲೈಯ ಸೋಂಕಿನ ನಂತರ ಅಲ್ಲಿ ಅಂಟಿನಂಥ ದ್ರವ ನಿಂತಿದೆ. ನೋವಿಲ್ಲ, ಜ್ವರವಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಬಸಿದು ಹೋಗುತ್ತದೆ. ಮೂರು ತಿಂಗಳು ಕಾದು ನೋಡೋಣ. ಹೋಗದಿದ್ದರೆ ತಮಟೆಗೆ ಸಣ್ಣ ಕೊಳವೆ ಕೂರಿಸುವ ಯೋಚನೆ ಮಾಡೋಣ. ಅಲ್ಲಿಯವರೆಗೆ ಹತ್ತಿರ ಹೋಗಿ, ಮುಖ ನೋಡಿ, ಸ್ಪಷ್ಟವಾಗಿ ಮಾತಾಡಿ. ಟಿವಿ ಆರಿಸಿ ಮಾತಾಡಿ. ಕಿವಿಗೆ ಏನೂ ಹಾಕಬೇಡಿ.

"ಯಾವ ಭಾಷೆಯಲ್ಲಿ ಮಾತಾಡಬೇಕು?" ಎಂದು ಕೇಳಿದೆ.

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ," ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲ ವಿವರಿಸಿದೆ. ಎದುರು ಕೂತು, ತೊಡೆಯ ಮೇಲೆ ಕೂರಿಸಿಕೊಂಡು, ಗಟ್ಟಿಯಾಗಿ ಮಾತಾಡುತ್ತಿದ್ದವರು ಈ ಮನೆಯಲ್ಲಿ ಅವರೊಬ್ಬರೇ. ಅವಳಿಗೆ ಕೇಳಿಸುತ್ತಿದ್ದದ್ದೂ ಅವರ ಮಾತೊಂದೇ. ಅದನ್ನೇ ನಾನು ಚಾರ್ಟ್ ಅಂಟಿಸಿ ನಿಲ್ಲಿಸಿದ್ದೆ. ಅತ್ತೆ ಕೇಳಿದರು:

"ಹಾಗಾದ್ರೆ ನಾನು ಇನ್ನು ಅದರ ಹತ್ರ ಕನ್ನಡ ಮಾತಾಡಬಹುದಾ?"

ರಜೆ ಮಂಜೂರಾಗಿದೆಯಾ ಎಂದು ಕೇಳುವವರ ಹಾಗೆ ಕೇಳಿದರು. ನಾನು ತಲೆ ತಗ್ಗಿಸಿ, ಮಾತಾಡಿ ಅತ್ತೆ ಎಂದೆ. ಅಂದು ಸಂಜೆ ಎರಡು ತಿಂಗಳ ಮಾತನ್ನು ಒಂದೇ ಏಟಿಗೆ ಆಡಿ ಮುಗಿಸಿದರು. ಡಾಕ್ಟರು ನಿಮ್ಮ ಕಿವಿಯನ್ನೂ ಒಮ್ಮೆ ತೋರಿಸಲು ಹೇಳಿದ್ದಾರೆ ಎಂದರೆ ಮಾತ್ರ, "ನನಗೆಂತ ಆಗಿದೆ? ಈಗಿನವರು ಬಾಯಿ ಬಿಟ್ಟು ಮಾತಾಡುದಿಲ್ಲ," ಎಂದರು.

ಕಾಯುವುದು ಸುಲಭವಾಗಲಿಲ್ಲ. ಮುಂಬೈಯಲ್ಲಿ ಎರಡು ನಿಮಿಷ ಲೋಕಲ್ ತಡವಾದರೆ ಜನ ಹಳಿಗೆ ಬಗ್ಗಿ ನೋಡುತ್ತಾರೆ. ಮೂರು ತಿಂಗಳು ಏನೂ ಮಾಡಬೇಡಿ ಎಂದರೆ ಯಾರು ಒಪ್ಪುತ್ತಾರೆ? "ಇಷ್ಟು ದೊಡ್ಡ ಡಾಕ್ಟರು, ಒಂದು ಡ್ರಾಪ್ಸ್ ಕೂಡ ಬರೀಲಿಲ್ವಾ?" ಎಂದು ಗಂಡನಿಗೆ ಬೇಸರ. ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹೇಗೋ ಮುಟ್ಟಿ, ನೀರುಳ್ಳಿ ರಸ, ಬೇವಿನ ಹೊಗೆ, ಬಲೂನು ಊದುವುದು, ಯಾವುದೋ ಬಾಬಾನ ಮಂತ್ರ ಎಲ್ಲ ಬಂದವು. ಮೊಬೈಲಿನ ದೋಷ ಎಂದಿದ್ದ ಮೇಲಿನ ಮನೆಯಾಕೆ, ತನಗೆ ಮೊದಲಿನಿಂದಲೂ ಕಿವಿಯ ಮೇಲೇ ಅನುಮಾನವಿತ್ತು ಎಂದು ಬರೆದರು. ಕಾಯಿಲೆ ಹಿಡಿದುಕೊಟ್ಟ ನಮ್ಮ ಕೆಲಸದಾಕೆಯೂ ಸುಮ್ಮನಿರಲಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಹಿಡಿದೇ ಬಂದರು. ಡಾಕ್ಟರು ಬೇಡವೆಂದಿದ್ದಾರೆ ಎಂದಾಗ, "ನಾ ಹೇಳಿದ ಮ್ಯಾಲ ಅಲ್ಲೇನ್ರಿ ನೀವು ಡಾಕ್ಟರ್ ಕಡೆ ಹೋಗಿದ್ದು?" ಎಂದು ಮುನಿಸಿಕೊಂಡು ನಾಲ್ಕು ದಿನ ಮಾತು ಬಿಟ್ಟರು.

ಶಾಲೆಯಲ್ಲಿ ಮಗಳನ್ನು ಮೊದಲ ಸಾಲಿನಲ್ಲಿ ಕೂರಿಸಿ ಎಂದು ಕೇಳಿಕೊಂಡೆ. ಸಾಲುಗಳು ವಾರವಾರ ಬದಲಾಗುವುದು ಶಾಲೆಯ ನೀತಿ, ಅರ್ಜಿ ಕೊಡಿ ಎಂದರು. ಕೊಟ್ಟೆ. ಅದು ಮಂಜೂರಾಗಿ ಅವಳನ್ನು ಮುಂದೆ ಕೂರಿಸಿದ್ದು ಎಸಿಯ ಬಾಯಿಯ ಕೆಳಗೆ, ಯಾವ ಆರೋಗ್ಯವಂತ ಕಿವಿಗೂ ಏನೂ ಕೇಳಿಸದ ಜಾಗದಲ್ಲಿ. ಇನ್ನೊಂದು ಅರ್ಜಿ ಕೊಟ್ಟೆ. ಕ್ಲಾಸ್ ಟೀಚರು ಒಳ್ಳೆಯವರು. ಅರ್ಜಿಯ ಉತ್ತರಕ್ಕೆ ಕಾಯದೆ ಅವಳನ್ನು ತಮ್ಮ ಮೇಜಿನ ಪಕ್ಕಕ್ಕೇ ಎಳೆದುಕೊಂಡರು. ಕೌನ್ಸೆಲರ್ ಫೋನ್ ಮಾಡಿ, ಕಿವಿಯ ವಿಷಯ ತಿಳಿದು ಸಂತೋಷವಾಯಿತು, ಆದರೂ ಇಂಗ್ಲಿಷ್ ಮುಂದುವರಿಸಿದರೆ ನಷ್ಟವೇನಿಲ್ಲ ಎಂದರು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಿದ್ದವಳು ಬ್ರಷ್ ಬಾಯಲ್ಲೇ ಇಟ್ಟುಕೊಂಡು ಬಂದು, ಕಿಟಕಿ ತೋರಿಸಿ, "ಅಮ್ಮಾ, ಅದು ಎಂತ ಗುಟುರ್ ಗುಟುರ್?" ಎಂದಳು. ಎಸಿಯ ಡಬ್ಬಿಯ ಮೇಲೆ ಪಾರಿವಾಳ ಕೂತಿತ್ತು. ಪಾರಿವಾಳಗಳು ಅಲ್ಲಿ ಅದೆಷ್ಟು ವರ್ಷದಿಂದ ಇದ್ದವೋ. ಅತ್ತೆಗೆ ಆ ಸದ್ದು ಕೇಳಿಸಲಿಲ್ಲ, ಆದರೂ ಮೊಮ್ಮಗಳನ್ನು ಅಪ್ಪಿಕೊಂಡು, ಹೌದು ಮಗಾ, ಹೌದು ಎಂದರು. ಅದೇ ತಿಂಗಳು ಅಂಧೇರಿಯಲ್ಲಿ ಮತ್ತೆ ಪರೀಕ್ಷೆಯಾಯಿತು. ಎರಡೂ ಗೆರೆಗಳು ಗುಡ್ಡವಾಗಿದ್ದವು. ಕೊಳವೆ ಬೇಕಾಗಲಿಲ್ಲ. ಮುಂದಿನ ಮಳೆಗಾಲದ ನೆಗಡಿಗೆ ಒಂದು ಕಿವಿ ಮತ್ತೆ ಕೆಲವು ವಾರ ಕಟ್ಟಿತು. ಆ ಸಲ ನಾವೇ ಗುರುತಿಸಿದೆವು, ತೋರಿಸಿದೆವು, ತಾನಾಗಿ ಬಿಟ್ಟಿತು.

ಈಗ ಅವಳಿಗೆ ಎಂಟು ವರ್ಷ. ಕಳೆದ ತಿಂಗಳು ಇಬ್ಬರೂ ಕೂತು ಬಟಾಣಿ ಸುಲಿಯುತ್ತಿದ್ದಾಗ, ಆ ಮೂಲೆಯಲ್ಲಿ ನಿಲ್ಲಿಸಿದ್ದರ ಕತೆ ಹೇಳಿ, ತಪ್ಪಾಯಿತು ಎಂದೆ. ಅದು ಅವಳಿಗೆ ನೆನಪಿರಲಿಲ್ಲ. ಬೇರೇನಾದರೂ ನೆನಪಿದೆಯಾ ಎಂದು ಕೇಳಿದೆ. ಬಟಾಣಿ ಬಾಯಿಗೆ ಹಾಕಿಕೊಂಡು ಯೋಚಿಸಿ, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು.

"ಆಗ ನೀವೆಲ್ಲ ಮೆಲ್ಲ ಮೆಲ್ಲ ಮಾತಾಡ್ತಿದ್ರಿ ನಾ. ನಂಗೆ ಅನ್ನಿಸ್ತು, ಎಲ್ಲರೂ ಸೀಕ್ರೆಟ್ ಮಾತಾಡ್ತೀರಿ, ನನ್ನಿಂದ ಛುಪಾಕೆ, ನಂಗೆ ಗೊತ್ತಾಗ್ಬಾರ್ದು ಅಂತ."

"ಸಿಟ್ಟು ಬಂದಿತ್ತಾ?"

"ಇಲ್ಲ. ದೊಡ್ಡ ಆದ ಮೇಲೆ ಹೇಳ್ತೀರಿ ಅಂತ ಅಂದ್ಕೊಂಡೆ."

ಕೆಳಗಿನಿಂದ ಗೆಳತಿಯರು ಅವಳ ಹೆಸರು ಹಿಡಿದು ಕೂಗಿದರು. ಅವಳು ಸಿಪ್ಪೆಗಳನ್ನು ನನ್ನ ಮಡಿಲಿಗೆ ಸುರಿದು, ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದು ಓಡಿದಳು.